ಗಾಜುವಾಕದಲ್ಲಿ ಅಜ್ಜನ ಹಾರ್ಮೋನಿಯಂ

ಈ ಸಲ ಗಾಜುವಾಕಕ್ಕೆ ಬರುವಾಗ ಅಮ್ಮ ಹಪ್ಪಳದ ಡಬ್ಬಿಯ ಜತೆ ಅಜ್ಜನ ಹಾರ್ಮೋನಿಯಂ ಕೂಡ ಹೊತ್ತು ತಂದಳು. ‘ಕೈ ನಡುಗೋಕೆ ಶುರುವಾಗಿದೆ ಕಣೋ, ಈಗಲೇ ರೆಕಾರ್ಡ್ ಮಾಡಿಟ್ಕೋ’ ಅಂದಳು. ಅವಳ ದೇವರನಾಮ, ಜತೆಗೆ ನನ್ನ ಕೀಬೋರ್ಡ್. ಎಂ.ಟೆಕ್ ಮಾಡಿದವನಿಗೆ ಇದೇನು ಮಹಾ ಎಂದುಕೊಂಡೆ.

ಮೊದಲು ಉಚಿತವಾಗಿ ಸಿಗುವ ಆಡಾಸಿಟಿ. ಹಾರ್ಮೋನಿಯಂ ಚೆನ್ನಾಗಿಯೇ ಬಂತು, ಆದರೆ ಕೀಬೋರ್ಡಿನ ಮಿಡಿ ಅದರಲ್ಲಿ ದಾಖಲಾಗುವುದಿಲ್ಲ. ಮಿಡಿ ಎಂದರೆ ದನಿಯಲ್ಲ. ಯಾವ ಕೀ, ಎಷ್ಟು ಜೋರಾಗಿ, ಎಷ್ಟು ಹೊತ್ತು ಒತ್ತಿದಿರಿ ಎಂಬ ಲೆಕ್ಕ. ಗ್ಯಾರೇಜ್‌ಬ್ಯಾಂಡ್ ಆ್ಯಪಲ್‌ನವರಿಗೆ ಮಾತ್ರ, ನನ್ನದು ವಿಂಡೋಸ್. ಎರಡನ್ನೂ ಮಾಡುವ ರೀಪರ್‌ಗೆ 60 ದಿನಗಳ ಉಚಿತ ಪ್ರಯೋಗಾವಧಿ ಇದೆ. ಅಮ್ಮ ಇರುವುದೋ 20 ದಿನ!

ಹೆಡ್‌ಫೋನ್ ಹಾಕಿಕೊಂಡ ಅಮ್ಮ ಎರಡೇ ಸಾಲಿಗೆ ನಿಲ್ಲಿಸಿದಳು. ‘ನನ್ನ ಹಿಂದೆ ಇನ್ಯಾರೋ ನುಡಿಸ್ತಿದಾರೆ ಕಣೋ.’ ತಪ್ಪು ಸಾಫ್ಟ್‌ವೇರಿನದಲ್ಲ, ನನ್ನದು. ಬಫರ್ 1024 ಸ್ಯಾಂಪಲ್ ಇತ್ತು. ಸೆಕೆಂಡಿಗೆ 44,100ರ ಲೆಕ್ಕದಲ್ಲಿ ದನಿ ಒಳಗೆ ಹೋಗುವುದಕ್ಕೇ 23 ಮಿಲಿಸೆಕೆಂಡ್, ಹೊರಬರಲು ಮತ್ತಷ್ಟು. ಆಡಿಯೊ ಇಂಟರ್‌ಫೇಸಿನ ಆಸಿಯೊ ಡ್ರೈವರ್ ಹಾಕಿ 128ಕ್ಕೆ ಇಳಿಸಿದೆ. ಆ 23 ಮೂರಕ್ಕೆ ಬಂತು. ಹೊಸಬರಿಗೆ ನನ್ನ ಮಾತು ಇಷ್ಟೇ: ದುಬಾರಿ ಸಾಫ್ಟ್‌ವೇರಿಗೆ ಮೊದಲು ಒಂದು ಇಂಟರ್‌ಫೇಸ್ ಕೊಳ್ಳಿ.

ಹಗಲೆಲ್ಲ ಲಾರಿಗಳ ಹಾರನ್. ಹಾಗಾಗಿ ಬೆಳಗಿನ ಜಾವ ಐದಕ್ಕೆ ಕೂತೆವು. ಏಳು ಹಾಡು ಆಯಿತು. ಕೊನೆಯದರ ತುದಿಯಲ್ಲಿ ‘ಕಾಫಿಗೆ ಹಾಲು ತಂದಿದೀಯೇನೋ?’ ಎಂದು ಅಮ್ಮ ಕೇಳಿದ್ದೂ ಇದೆ. ಅದನ್ನು ಕತ್ತರಿಸಿಲ್ಲ.