ಟ್ರಂಕಿನ ತಳದ ಕಾಗದಗಳೂ ಚರಿತ್ರೆಯೇ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಮಾತು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದಿದೆ. ಇದೇ ಸೀಮೆಯ ರೈತ, ಸಾಲಿ ಮಾಸ್ತರ, ತವರು ಬಿಟ್ಟು ಬಂದ ಸೊಸೆ, ಗುಳೆ ಹೋದ ಕೂಲಿಕಾರ ಆಡಿದ ಮಾತು ಉಳಿದಿರುವುದು ಕಾಗದದ ಮೇಲೆ. ಪಡಸಾಲೆಯ ಮೂಲೆಯಲ್ಲಿ ತಂತಿಗೆ ಚುಚ್ಚಿಟ್ಟ ಕಾರ್ಡುಗಳು, ಟ್ರಂಕಿನ ತಳದ ಇನ್‌ಲ್ಯಾಂಡ್ ಪತ್ರಗಳು ಹಳೇ ಮನೆ ಕೆಡವುವಾಗ ರದ್ದಿಯ ಜೊತೆ ತೂಕಕ್ಕೆ ಹೋಗುತ್ತಿವೆ.

ಅಂಥದೊಂದು ಪತ್ರವನ್ನು ಬಿಡಿಸಿ ನೋಡಿ. ಮೇಲೆ ‘ಶ್ರೀ’, ಕೆಳಗೆ ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರ, ಎರಡೂ ಕಡೆಯ ಕ್ಷೇಮ. ಆಮೇಲೆ ಬದುಕು ಶುರುವಾಗುತ್ತದೆ: ಯಲಬುರ್ಗಾದ ಎರಿ ಹೊಲಕ್ಕೆ ಹಿಂಗಾರಿ ಮಳೆ ಆಯಿತೋ ಇಲ್ಲವೋ, ಕುಷ್ಟಗಿಯ ಸಂತೆಯಲ್ಲಿ ಎತ್ತಿನ ಜೋಡಿಗೆ ಎಷ್ಟು ಕೇಳಿದರು, ಮನಿಯಾರ್ಡರ್ ಮುಟ್ಟಿತೇ, ಗವಿಸಿದ್ಧೇಶ್ವರ ಜಾತ್ರೆಗೆ ಯಾರ್‍ಯಾರು ಬರುತ್ತಾರೆ. ಜಾಗ ಮುಗಿದ ಮೇಲೆ ಅಕ್ಷರಗಳು ಅಂಚಿಗೆ ಅಡ್ಡಲಾಗಿ ತಿರುಗುತ್ತವೆ. ಓದು ಬರಹ ಬಾರದ ತಾಯಿ ಪಕ್ಕದಲ್ಲಿ ಕುಳಿತು ಹೇಳಿ ಬರೆಸಿದ ಮಾತು ಎಷ್ಟೋ ಸಲ ಆ ಅಂಚಿನಲ್ಲೇ ಸಿಗುತ್ತದೆ.

ಶುಭ ಪತ್ರದ ಮೂಲೆಗೆ ಅರಿಸಿಣ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವ ರೂಢಿಯಿತ್ತು. ಹಾಗಾಗಿ ಉಳಿದ ಕಾಗದಗಳಲ್ಲಿ ದುಃಖ ಕಡಿಮೆ ಕಂಡರೆ, ಆ ಮನೆ ದುಃಖವನ್ನೇ ಕಂಡಿರಲಿಲ್ಲ ಎಂದುಕೊಳ್ಳಬಾರದು.

1948ರ ಸೆಪ್ಟೆಂಬರ್‌ವರೆಗೆ ಈ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನಕ್ಕೆ ತನ್ನದೇ ಅಂಚೆ ಚೀಟಿ, ತನ್ನದೇ ನಾಣ್ಯವಿತ್ತು. ಕಚೇರಿಯ ಭಾಷೆ ಉರ್ದು, ಲೆಕ್ಕ ಫಸಲಿ ವರ್ಷದ್ದು. ಕಾಗದದಲ್ಲಿ ಫಸಲಿ ಇದ್ದರೆ 590 ಕೂಡಿಸಿ, ಹತ್ತಿರದ ಇಸವಿ ಸಿಗುತ್ತದೆ. ಬರೀ ‘ಸರ್ವಧಾರಿ’ ಎಂದು ಸಂವತ್ಸರವಿದ್ದರೆ ಅದು 1948 ಆಗಬಹುದು, 1888 ಆಗಬಹುದು. ಅಂಚೆ ಮುದ್ರೆಯೇ ಸಾಕ್ಷಿ. ಸಂಸ್ಥಾನವನ್ನು ಭಾರತಕ್ಕೆ ಸೇರಿಸುವ ಹೋರಾಟದ ದಿನಗಳಲ್ಲಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಗೆ ಹೋದವರು ಮನೆಗೆ ಬರೆದ ಕಾರ್ಡು ಯಾರದಾದರೂ ಗೂಡಿನಲ್ಲಿದ್ದರೆ ಅದಕ್ಕೆ ಬೆಲೆ ಕಟ್ಟಲಾಗದು. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ ಭತ್ತದ ನಾಡಾಯಿತು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಆ ಮನೆಗಳ ತೆಲುಗು ಪತ್ರಗಳೂ ಈ ಜಿಲ್ಲೆಯ ಚರಿತ್ರೆಯೇ.

ಉಳಿಸುವ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ತುಕ್ಕು ಹಿಡಿದ ತಂತಿ, ಟಾಚಣಿಗಳಿಂದ ಕಾಗದವನ್ನು ಮೆಲ್ಲಗೆ ಬಿಡಿಸಿ. ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಒಣ ಜಾಗದಲ್ಲಿ, ಬಿಸಿಲು ತಾಗದಂತೆ, ರಟ್ಟಿನ ಪೆಟ್ಟಿಗೆಯಲ್ಲಿಡಿ. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಎರಡೂ ಮಗ್ಗುಲ ಫೋಟೊ ತೆಗೆಯಿರಿ, ವಿಳಾಸದ ಮಗ್ಗುಲನ್ನು ಬಿಡಬೇಡಿ. ತೇದಿ, ಊರು, ಬರೆದವರು, ಪಡೆದವರು ಎಂದು ಹೆಸರು ಕೊಟ್ಟು ಎರಡು ಕಡೆ ಇಟ್ಟುಕೊಳ್ಳಿ.

ಹಂಚುವಾಗ ಎಚ್ಚರವಿರಲಿ. ಸಾಲ, ಮುರಿದ ಸಂಬಂಧ, ಆಸ್ತಿ ಜಗಳ ಇರುವ ಪತ್ರಗಳನ್ನು ಸಂಬಂಧಪಟ್ಟವರನ್ನು ಕೇಳದೆ ಹೊರಗೆ ಹಾಕುವುದು ಸಲ್ಲ. ಉಳಿದವನ್ನು ಮನೆಮಂದಿಗೆಲ್ಲ ಕಳಿಸಿ, ಊರಿನ ಶಾಲೆಯಲ್ಲಿ ಓದಿ ತೋರಿಸಿ. ಓಲೆಗರಿಗೆ ಕೊಡುವ ಗೌರವವನ್ನು ವಿಶ್ವವಿದ್ಯಾಲಯಗಳೂ ಪತ್ರಾಗಾರಗಳೂ ಈ ಕಾರ್ಡುಗಳಿಗೂ ಕೊಡಬೇಕು.

ಆದರೆ ಮೊದಲ ಕೆಲಸ ಮನೆಯದೇ. ‘ದೊಡ್ಡಪ್ಪ’ ಎಂದಷ್ಟೇ ಸಹಿ ಇರುವ ಕಾಗದ ಯಾರದೆಂದು ಹೇಳಬಲ್ಲವರು, ಸಂಸ್ಥಾನದ ಕಾಲದಲ್ಲಿ ಉರ್ದು ಕಲಿತವರು ಈಗ ಎಂಬತ್ತು ದಾಟಿದ್ದಾರೆ. ಈ ಸಲ ಜಾತ್ರೆಗೆ ಮನೆಮಂದಿ ಕೂಡಿದಾಗ ಅವರ ಮುಂದೆ ಟ್ರಂಕು ತೆಗೆಯಿರಿ, ಒಂದೊಂದೇ ಓದಿಸಿ, ಅವರು ಹೇಳಿದ್ದನ್ನು ಆಗಲೇ ಬರೆದಿಟ್ಟುಕೊಳ್ಳಿ.