ಕೇಳಿಸದಿದ್ದರೂ ‘ಹೂಂ’ ಅಂದೆ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಬೆಳೆಯುವ ಸೀಮೆ ನಮ್ಮದು. ಕಳೆದ ಸುಗ್ಗಿಯ ಒಂದು ಸಂಜೆ, ಜವಳಗೇರಾದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ರಸ್ತೆಯಲ್ಲಿ ಭತ್ತ ಕೊಯ್ಯುವ ಯಂತ್ರ ಹೋಗುತ್ತಿತ್ತು. ಐದನೇ ಕ್ಲಾಸಿನ ಮೊಮ್ಮಗಳು ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ ಏನೋ ಹೇಳಿದಳು. ನಾನು ನಕ್ಕು ‘ಹೂಂ, ಛಲೋ ಆತು’ ಅಂದೆ. ದಡಕ್ಕನೆ ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೂ ನನ್ನ ಪಕ್ಕ ಕೂರಲಿಲ್ಲ.

ಮರುದಿನ ಸೊಸೆ ಹೇಳಿದಾಗ ತಿಳಿಯಿತು. ಲೆಕ್ಕದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು ಗೆಳತಿಯರು ನಕ್ಕಿದ್ದರಂತೆ. ಅಪ್ಪನಿಗೆ ಹೇಳಲು ಹೆದರಿ ನನ್ನ ಹತ್ತಿರ ಬಂದಿದ್ದಳು. ‘ತಾತನೂ ನಕ್ಕಬಿಟ್ಟ’ ಎಂದು ಅತ್ತಳಂತೆ.

ನಿಜ ಹೇಳುತ್ತೇನೆ, ಮೂರು ವರ್ಷದಿಂದ ನಾನು ಹೀಗೇ ‘ಹೂಂ’ ಅನ್ನುತ್ತಾ ಬಂದಿದ್ದೆ. ಬ್ಯಾಂಕಿನಲ್ಲಿದ್ದಾಗ ಕೌಂಟರಿನ ಆಚೆ ಐದು ಮಂದಿ ಒಟ್ಟಿಗೆ ಮಾತಾಡಿದರೂ ಡ್ರಾಫ್ಟ್ ಕೇಳಿದವರು ಯಾರು, ಪಾಸ್‌ಬುಕ್ ಕೇಳಿದವರು ಯಾರು ಎಂದು ಗೊತ್ತಾಗುತ್ತಿತ್ತು. ಅಂಥವನಿಗೆ ‘ಏನಂದ್ರಿ?’ ಎಂದು ಮೂರು ಸಲ ಕೇಳಲು ನಾಚಿಕೆ. ಗೆಳೆಯರು ಕೂಡುವ ಚಹಾದಂಗಡಿ ಬಿಟ್ಟೆ. ಮದುವೆಗೆ ಹೋದರೆ ಅಕ್ಕಿಕಾಳು ಹಾಕಿ, ಉಂಡು, ಬೇಗ ಬಂದುಬಿಡುತ್ತಿದ್ದೆ. ಮನೆಯವರು ನಕ್ಕರೆ ನನ್ನನ್ನು ನೋಡಿಯೇ ನಕ್ಕರೇನೋ ಎಂಬ ಸಂಶಯ. ತಾತನಿಗೆ ಸಿಟ್ಟು ಜಾಸ್ತಿಯಾಗಿದೆ ಅಂದುಕೊಂಡರು. ಸಿಟ್ಟಲ್ಲ, ಒಂಟಿತನ.

ಸೊಸೆಯ ಒತ್ತಾಯಕ್ಕೆ ರಾಯಚೂರಿಗೆ ಹೋದೆ. ವೈದ್ಯರು ಮೊದಲು ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ನೋಡಿದರು. ಕೆಲವರಿಗೆ ಅದನ್ನು ತೆಗೆದರೇ ಸಾಕಂತೆ. (ನಾನು ಮನೆಯಲ್ಲೇ ಬಿಸಿ ಎಣ್ಣೆ ಬಿಟ್ಟುಕೊಳ್ಳುತ್ತಿದ್ದೆ. ಚೆನ್ನಾಗಿ ಬೈಸಿಕೊಂಡೆ.) ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿಸಿ, ಒಂದು ನಕ್ಷೆ ಕೊಟ್ಟರು. ಗೆರೆ ಬಲಕ್ಕೆ ಹೋದಂತೆ ಇಳಿದಿತ್ತು, ತಿಂಗಳ ಕೊನೆಯ ಸಂಬಳದ ಖಾತೆಯ ಹಾಗೆ.

ಪರೀಕ್ಷೆ ಮಾಡಿದಾಕೆ, 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಮಕ್ಕಳೇ, ಅವರು ಹೇಳಿದ್ದನ್ನು ನೀವೂ ಕೇಳಿ. ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಸುರುಳಿ ಇದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು. ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಕೀರಲು ದನಿ ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ಜೋರು ಸದ್ದು ಅವನ್ನು ಚಿಕ್ಕ ವಯಸ್ಸಿನಲ್ಲೇ ಕೊಲ್ಲಬಲ್ಲದು, ಡಿಜೆ ಮುಂದೆ ಕುಣಿಯುವವರು ಗಮನಿಸಿ! ಆಗ ಆ, ಊ ಕೇಳುತ್ತವೆ. ಸ, ಶ, ತ, ಕ ಜಾರಿಹೋಗುತ್ತವೆ. ‘ಕಾಲ’ವೋ ‘ಸಾಲ’ವೋ ತಿಳಿಯದು. ದಿನವಿಡೀ ಊಹಿಸಿ ಊಹಿಸಿ ತಲೆ ದಣಿಯುತ್ತದೆ, ಮನುಷ್ಯ ಮಂದಿಯಿಂದ ದೂರ ಸರಿದು ಮಂಕಾಗುತ್ತಾನೆ.

ಕಿರುಚಿದರೆ ಮಾತು ಸ್ಪಷ್ಟವಾಗುವುದಿಲ್ಲ, ಬೈದ ಹಾಗೆ ಕೇಳುತ್ತದೆ ಅಷ್ಟೆ. ಟಿವಿ ಆರಿಸಿ, ಬೆಳಕಿನಲ್ಲಿ ಎದುರು ಕೂತು ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿ.

ಶ್ರವಣ ಯಂತ್ರ ಹಾಕಿದ ಮೊದಲ ವಾರ ತಟ್ಟೆ ಇಟ್ಟ ಸದ್ದೂ ಪಟಾಕಿಯಂತೆ ಕೇಳಿ, ತೆಗೆದು ಡಬ್ಬಿಯಲ್ಲಿಟ್ಟಿದ್ದೆ. ಮಿದುಳಿಗೆ ಹೊಂದಿಕೊಳ್ಳಲು ವಾರಗಳೇ ಬೇಕಂತೆ. ದಿನಾ ಸ್ವಲ್ಪ ಸ್ವಲ್ಪ ಹಾಕಿಕೊಂಡೆ. (ಬಡ ಹಿರಿಯರಿಗೆ 2017ರಲ್ಲಿ ಶುರುವಾದ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ.)

ಮೊಮ್ಮಗಳ ಹತ್ತಿರ ನಾನೇ ಹೋದೆ. ‘ಅವತ್ತು ನೀ ಹೇಳಿದ್ದು ನನಗ ಕೇಳಿರಲಿಲ್ಲವ್ವಾ. ಕೇಳಿದಂಗ ಮಾಡಿದೆ’ ಅಂದೆ. ಬಹಳ ಹೊತ್ತು ನನ್ನ ಕಿವಿಯ ಯಂತ್ರ ನೋಡಿದಳು.

‘ಹಂಗಾರ ಇನ್ನ ಮ್ಯಾಲ ಹೂಂ ಅನಬ್ಯಾಡ ತಾತಾ. ಕೇಳಲಿಲ್ಲಂದ್ರ ಕೈ ಎತ್ತು, ನಮ್ಮ ಕ್ಲಾಸಿನ್ಯಾಗ ಎತ್ತತೀವಲ್ಲ, ಹಂಗ.’

ನಿನ್ನೆ ಊಟದ ಹೊತ್ತಿಗೆ ನಾಲ್ಕು ಸಲ ಕೈ ಎತ್ತಿದೆ.