ಕೊಯಮತ್ತೂರಿನ ಸೂಲಂಗಿ ಮತ್ತು ವೆಂಕಟರಾಮನ್

ನವೆಂಬರಿನ ಬೆಳಗಿನ ಜಾವ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ತಾಕುಗಳನ್ನು ನೋಡಬೇಕು. ಜಲ್ಲೆಗಳ ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಸೂಲಂಗಿಗಳು ಗಾಳಿಗೆ ಬಾಗಿ ಏಳುತ್ತಿರುತ್ತವೆ. ರೈತನಿಗೆ ಸೂಲಂಗಿ ಕಂಡರೆ ಕಳವಳ. ಹೂಬಿಟ್ಟ ಕಬ್ಬನ್ನು ಬೇಗ ಕಡಿಯದಿದ್ದರೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಇಲ್ಲಿ ಮಾತ್ರ ವರ್ಷವಿಡೀ ಈ ಹೂವಿಗಾಗಿಯೇ ಕಾಯುತ್ತಾರೆ. ಉತ್ತರ ಭಾರತದ ಬಯಲಿನಲ್ಲಿ ಕಬ್ಬು ಹೂಬಿಟ್ಟು ಬೀಜ ಕಟ್ಟುವುದು ಅಪರೂಪ. ಕೊಯಮತ್ತೂರಿನ ಹವೆಯಲ್ಲಿ ಅದು ಸಲೀಸು. 1912ರಲ್ಲಿ ಸಂಸ್ಥೆಯನ್ನು ಇಲ್ಲಿ ಕಟ್ಟಿದ್ದು ಆ ಕಾರಣಕ್ಕೇ.

ಹತ್ತಿರ ಹೋಗಿ ನೋಡಿದರೆ ಸೂಲಂಗಿ ಎಂಬುದು ಸಾವಿರಾರು ಪುಟ್ಟ ಹೂಗಳ ಗೊಂಚಲು. ಒಂದೊಂದು ಹೂವಿನಲ್ಲೂ ಮೂರು ಕೇಸರ, ಗರಿಯಂತೆ ಹರಡಿದ ನೇರಳೆ ಶಲಾಕಾಗ್ರ. ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ ಒಂದು ಹನಿ ಅಯೋಡಿನ್ ಬಿಡುತ್ತಾರೆ. ಕಣಗಳು ಕಪ್ಪಾದರೆ ಆ ಕಬ್ಬು ಗಂಡಾಗಲು ಯೋಗ್ಯ. ಬಿಳಿಚಿಕೊಂಡೇ ಉಳಿದರೆ ಅದನ್ನು ಹೆಣ್ಣಾಗಿ ಬಳಸಬಹುದು. ಗಂಡಿನ ಸೂಲಂಗಿಯನ್ನು ಹೆಣ್ಣಿನದಕ್ಕಿಂತ ಎತ್ತರದಲ್ಲಿ ಕಟ್ಟಿದರೆ ಬೆಳಗಿನ ಹೊತ್ತು ಪರಾಗ ತಾನಾಗಿ ಕೆಳಗೆ ಉದುರುತ್ತದೆ. ಹೊರಗಿನ ಪರಾಗ ಬೀಳದಂತೆ ಸುತ್ತ ಬಟ್ಟೆಯ ಮರೆ. ಕೊನೆಗೆ ಸಿಗುವ ಬೀಜ ಊದಿದರೆ ಹಾರಿಹೋಗುವಷ್ಟು ಹಗುರ. ನಯವಾದ ನಾರಿನ ಸಮೇತವೇ ಅದನ್ನು ಕುಂಡದಲ್ಲಿ ಬಿತ್ತುತ್ತಾರೆ. ಮೊಳೆತಾಗ ಅದು ಹುಲ್ಲೋ ಕಬ್ಬೋ ಎಂದು ಹೊಸಬರಿಗೆ ತಿಳಿಯುವುದಿಲ್ಲ.

ತಿರುವಾಡಿ ಸಾಂಬಶಿವ ವೆಂಕಟರಾಮನ್ ತಮ್ಮ ದುಡಿಮೆಯ ಬದುಕನ್ನೆಲ್ಲ ಕಳೆದದ್ದು ಈ ಸೂಲಂಗಿಗಳ ನಡುವೆ. ಸಂಸ್ಥೆಯ ಮೊದಲ ಮುಖ್ಯಸ್ಥ ಸಿ.ಎ. ಬಾರ್ಬರ್ ಅವರ ಸಹಾಯಕರಾಗಿ ಸೇರಿದ ಅವರು, ಬಾರ್ಬರ್ ನಿರ್ಗಮಿಸಿದ ಮೇಲೆ 1942ರವರೆಗೆ ಅದನ್ನು ಮುನ್ನಡೆಸಿದರು. ಅವರು ಸೇರಿದ ಕಾಲಕ್ಕೆ ನಮ್ಮ ದೇಶ ಜಾವಾ ದ್ವೀಪದಿಂದ ಸಕ್ಕರೆ ತರಿಸಿಕೊಳ್ಳುತ್ತಿತ್ತು. ಉತ್ತರದ ಕಬ್ಬು ಬೆರಳುಗಾತ್ರ, ಇಳುವರಿ ಕಡಿಮೆ. ದಕ್ಷಿಣದ ದಪ್ಪ ರಸಗಬ್ಬು ಅಲ್ಲಿನ ಚಳಿಗೆ ನಿಲ್ಲುತ್ತಿರಲಿಲ್ಲ. ಬಾರ್ಬರ್ ಮತ್ತು ವೆಂಕಟರಾಮನ್ ವೆಲ್ಲೈ ಎಂಬ ದಪ್ಪ ಕಬ್ಬಿಗೆ ಹೊಳೆದಂಡೆಯ ಕಾಡುಕಬ್ಬಿನ ಪರಾಗ ಕೊಟ್ಟರು. ಸಿಹಿಯೇ ಇಲ್ಲದ, ಯಾರೂ ಬೆಳೆಸದ ಹುಲ್ಲನ್ನು ಸಕ್ಕರೆಯ ಬೆಳೆಗೆ ಬೆರೆಸುವ ಆ ಧೈರ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಹುಟ್ಟಿದ್ದು ಕೋ 205 ಎಂಬ ತಳಿ. 1918ರಲ್ಲಿ ಅದು ಪಂಜಾಬಿನ ಹೊಲಗಳಿಗೆ ಹೋಯಿತು, ಅಲ್ಲಿನ ನಾಟಿ ಕಬ್ಬನ್ನು ಇಳುವರಿಯಲ್ಲಿ ಬಹಳ ಹಿಂದೆ ಹಾಕಿತು. ಮುಂದೆ ಕೋ 281, ಕೋ 290 ಸಮುದ್ರ ದಾಟಿ ಅಮೆರಿಕದ ಲೂಸಿಯಾನಾದಲ್ಲೂ ಬೆಳೆದವು.

ಹೆಸರು ಪಡೆದ ಇಂಥ ತಳಿಗಳ ಹಿಂದೆ ಕಿತ್ತೆಸೆದ ಸಸಿಗಳ ರಾಶಿಯೇ ಇರುತ್ತದೆ. ಒಂದು ಸಂಕರದಿಂದ ಹೊಸ ತಳಿ ರೈತನ ಕೈ ಸೇರಲು ಹತ್ತು ಹನ್ನೆರಡು ವರ್ಷ ಬೇಕು. ಪ್ರತಿ ಹಂತದಲ್ಲೂ ರಸದ ಸಿಹಿಯನ್ನು (ಬ್ರಿಕ್ಸ್) ಅಳೆದು, ರೋಗ ನೋಡಿ, ಕೂಳೆ ಹೇಗೆ ಬರುತ್ತದೆಂದು ಕಾದು, ಹೆಚ್ಚಿನದನ್ನು ತೆಗೆದುಹಾಕುವುದೇ ಕೆಲಸ.

ವೆಂಕಟರಾಮನ್ ಅಷ್ಟಕ್ಕೆ ನಿಲ್ಲಲಿಲ್ಲ. ಕಬ್ಬನ್ನು ಜೋಳದೊಂದಿಗೂ ಬಿದಿರಿನೊಂದಿಗೂ ಕೂಡಿಸಿ ನೋಡಿದರು. 1934ರಲ್ಲಿ ಸಂಸ್ಥೆಗೆ ಬಂದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕಬ್ಬನ್ನು ಮೆಕ್ಕೆಜೋಳದೊಂದಿಗೆ ಸಂಕರಿಸಿ, ಆ ಸಂಕರದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. 1956ರಲ್ಲಿ ವೆಂಕಟರಾಮನ್ ಅವರಿಗೆ ಪದ್ಮಭೂಷಣ ಬಂತು.

ನಮ್ಮ ಕಡೆಯ ಹಿರಿಯ ಕಬ್ಬು ಬೆಳೆಗಾರರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ, 419 ಮಾತ್ರ ಚೆನ್ನಾಗಿ ಗೊತ್ತು. ಜಾವಾದ ಪಿಒಜೆ 2878 ಮತ್ತು ಕೋ 290ರ ಸಂತಾನವಾದ ಕೋ 419 ದಕ್ಷಿಣದ ಗದ್ದೆಗಳನ್ನು ದಶಕಗಳ ಕಾಲ ಆಳಿತು. ಆಮೇಲೆ ಬಂದ ಕೋ 62175, ಕೋ 86032 ಕೂಡ ಅದೇ ಕೊಯಮತ್ತೂರಿನ ಕೂಸುಗಳು.

ಆದರೆ ಯಾವ ತಳಿಯೂ ಶಾಶ್ವತವಲ್ಲ. ಉತ್ತರ ಪ್ರದೇಶದ ಬಹುಪಾಲು ಕಬ್ಬಿನ ಹೊಲವನ್ನು ತುಂಬಿದ್ದ ಕೋ 0238 ಈಚಿನ ವರ್ಷಗಳಲ್ಲಿ ಕೆಂಪು ಕೊಳೆ ರೋಗಕ್ಕೆ ಸಿಕ್ಕಿ ರೈತರನ್ನು ಕಂಗೆಡಿಸಿತು. ಬೆಳೆಗಾರರು ಒಂದೇ ನಂಬರನ್ನು ನೆಚ್ಚದೆ ಎರಡು ಮೂರು ತಳಿಗಳನ್ನು ಹಾಕಿಕೊಳ್ಳಬೇಕು. ನಾಳಿನ ತಳಿಗೂ ಅದರ ಪರಾಗ ಬೇಕಾದೀತು, ಹೊಳೆದಂಡೆಯ ಕಾಡುಕಬ್ಬನ್ನು ಕಳೆಯೆಂದು ಬುಡಸಮೇತ ಅಗೆದು ಹಾಕಬೇಡಿ.